ಜಾವಾ ಆರ್‌ಪಿಸಿ ಅನ್ವಯ ಕೈಕೊಟ್ಟಾಗ: ಯಾವ ದೋಷಕ್ಕೆ ಯಾವ ಪರಿಹಾರವನ್ನು ಆರಿಸಬೇಕು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಾಗಲಿ, ಗೋಕಾಕ ಇಲ್ಲವೇ ಮುಧೋಳ ಭಾಗದ ಸಕ್ಕರೆ ಕಾರ್ಖಾನೆಯಾಗಲಿ, ವಿಜಯಪುರದ ಪತ್ತಿನ ಸಹಕಾರಿ ಸಂಘವಾಗಲಿ, ಒಂದು ಕಂಪ್ಯೂಟರಿನ ಪ್ರೋಗ್ರಾಮು ಇನ್ನೊಂದು ಕಂಪ್ಯೂಟರಿನಲ್ಲಿರುವ ಮೆಥಡ್ಡನ್ನು (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡಿನ ತುಣುಕನ್ನು) ಕರೆದು ಉತ್ತರ ಪಡೆಯಬೇಕಾದಲ್ಲಿ ರಿಮೋಟ್ ಪ್ರೊಸೀಜರ್ ಕಾಲ್, ಅಂದರೆ ಆರ್‌ಪಿಸಿ, ಬಳಕೆಗೆ ಬರುತ್ತದೆ. ಜಾವಾದಲ್ಲಿ ಇದಕ್ಕೆ ಆರ್‌ಎಂಐ, ಜಿಆರ್‌ಪಿಸಿ, ಅಪಾಚಿ ಡಬ್ಬೊ, ಅಪಾಚಿ ಥ್ರಿಫ್ಟ್ ಮುಂತಾದ ಹಲವು ದಾರಿಗಳಿವೆ. ದಾರಿ ಯಾವುದಾದರೂ ಕೆಡುವುದು ಹೆಚ್ಚಾಗಿ ಎರಡು ಕಡೆ: ಜಾರ್ ಫೈಲುಗಳ, ಅಂದರೆ ಜಾವಾ ಕೋಡನ್ನು ಕಟ್ಟಿಟ್ಟ ಫೈಲುಗಳ, ಆವೃತ್ತಿಗಳು ಒಂದಕ್ಕೊಂದು ಹೊಂದುವುದಿಲ್ಲ, ಇಲ್ಲವೇ ವಿಳಾಸ, ಪೋರ್ಟು, ಸಮಯಮಿತಿಯಂಥ ಕಾನ್ಫಿಗರೇಶನ್ ತಪ್ಪಿರುತ್ತದೆ. ಪ್ರತಿಯೊಂದಕ್ಕೂ ನಾಲ್ಕಾರು ಪರಿಹಾರಗಳು ಹುಡುಕಿದೊಡನೆ ಸಿಗುತ್ತವೆ. ಅವುಗಳಲ್ಲಿ ಯಾವುದನ್ನು ಯಾವ ಸಂದರ್ಭದಲ್ಲಿ ಆರಿಸಬೇಕು ಎಂಬುದು ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ನಮ್ಮ ಭಾಗದಲ್ಲಿ ಇಂಥ ತಂತ್ರಾಂಶವನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ಒಬ್ಬರು ಅಥವಾ ಇಬ್ಬರು. ಮೊದಲು ಬರೆದವರು ಪುಣೆಗೋ ಬೆಂಗಳೂರಿಗೋ ಹೋಗಿರುತ್ತಾರೆ. ಈಗ ನೋಡಿಕೊಳ್ಳುತ್ತಿರುವವರೂ ನಾಳೆ ಹೋಗಬಹುದು. ಆದ್ದರಿಂದ ಇಲ್ಲಿ ಪರಿಹಾರಗಳನ್ನು ಹೋಲಿಸುವಾಗ ನಾನು ಒಂದೇ ಅಳತೆಯನ್ನು ಇಟ್ಟುಕೊಂಡಿದ್ದೇನೆ. ಪರಿಹಾರ ಇಂದು ಕೆಲಸ ಮಾಡಿದರೆ ಸಾಲದು. ಮುಂದೆ ಬರುವವರು ಬಿಲ್ಡ್ ಫೈಲನ್ನು (ಕೋಡಿನಿಂದ ತಂತ್ರಾಂಶವನ್ನು ಕಟ್ಟುವ ಕ್ರಮ ಬರೆದಿರುವ ಫೈಲನ್ನು) ಮತ್ತು ಕಾನ್ಫಿಗರೇಶನ್ ಫೈಲನ್ನು ಓದಿಯೇ ಅದು ಏಕೆ ಇದೆ, ತೆಗೆದರೆ ಏನಾಗುತ್ತದೆ ಎಂಬುದನ್ನು ತಿಳಿಯುವಂತಿರಬೇಕು. ದೊಡ್ಡ ತಂಡಗಳಿರುವ ಕಡೆ ಈ ಅಳತೆಗೆ ಇಷ್ಟು ತೂಕ ಬೇಕಿಲ್ಲದಿರಬಹುದು, ಇಲ್ಲಿ ಬೇಕು.

ಮೊದಲು ದೋಷ ಯಾವ ಹಂತದ್ದೆಂದು ನಿರ್ಧರಿಸುವುದು

ಪರಿಹಾರವನ್ನು ಆರಿಸುವ ಮೊದಲು ಕರೆ ಎಲ್ಲಿಯವರೆಗೆ ಸಾಗಿ ನಿಂತಿತು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕ್ಲಾಸ್ ಲೋಡ್ ಆಗುವಾಗಲೇ ನಿಂತಿದ್ದರೆ ಅದು ಡಿಪೆಂಡೆನ್ಸಿಯ, ಅಂದರೆ ಅನ್ವಯ ಅವಲಂಬಿಸಿರುವ ಲೈಬ್ರರಿಗಳ, ದೋಷ. ಸಾಕೆಟ್ ತೆರೆಯುವಾಗ ನಿಂತಿದ್ದರೆ ವಿಳಾಸ, ಪೋರ್ಟು ಅಥವಾ ಫೈರ್‌ವಾಲ್‌ನ ದೋಷ. ಸಂಪರ್ಕ ಆದ ಮೇಲೆ ಸಂದೇಶ ಓದುವಾಗ ನಿಂತಿದ್ದರೆ ಎರಡೂ ಕಡೆಯವರು ಬೇರೆ ಬೇರೆ ಪ್ರೋಟೋಕಾಲ್ ಅಥವಾ ಬೇರೆ ಬೇರೆ ಆವೃತ್ತಿಯ ಕ್ಲಾಸುಗಳನ್ನು ಬಳಸುತ್ತಿದ್ದಾರೆ. ಈ ವಿಂಗಡಣೆ ಮಾಡದೆ ಜಾರ್‌ಗಳನ್ನು ಬದಲಿಸುತ್ತ ಹೋದರೆ, ಮೂಲ ದೋಷ ಹಾಗೇ ಉಳಿದು ಅದರ ಮೇಲೆ ಹೊಸ ದೋಷಗಳು ಸೇರಿಕೊಳ್ಳುತ್ತವೆ.

ಡಿಪೆಂಡೆನ್ಸಿಯ ದೋಷಗಳಲ್ಲಿಯೂ ಹೆಸರಿನ ವ್ಯತ್ಯಾಸಕ್ಕೆ ಅರ್ಥವಿದೆ. ಕ್ಲಾಸ್ ನಾಟ್ ಫೌಂಡ್ ಎಕ್ಸೆಪ್ಶನ್ ಬಂದರೆ ಹೆಸರು ಹೇಳಿ ಕೇಳಿದ ಕ್ಲಾಸು ಕ್ಲಾಸ್‌ಪಾತ್‌ನಲ್ಲಿ (ಜಾವಾ ಕ್ಲಾಸುಗಳನ್ನು ಹುಡುಕುವ ಜಾಗಗಳ ಪಟ್ಟಿಯಲ್ಲಿ) ಇಲ್ಲ. ನೋ ಕ್ಲಾಸ್ ಡೆಫ್ ಫೌಂಡ್ ಎರರ್ ಬಂದರೆ ಕಂಪೈಲ್ ಮಾಡುವಾಗ ಇದ್ದದ್ದು ಓಡಿಸುವಾಗ ಇಲ್ಲ, ಅಥವಾ ಆ ಕ್ಲಾಸಿನ ಸ್ಟ್ಯಾಟಿಕ್ ಭಾಗ ಮೊದಲೇ ಒಮ್ಮೆ ವಿಫಲವಾಗಿದೆ. ಎರಡನೆಯ ಸಂದರ್ಭದಲ್ಲಿ ಲಾಗ್‌ನಲ್ಲಿ ಇನ್ನೂ ಮೇಲೆ ಹೋಗಿ ಮೊದಲ ದೋಷವನ್ನು ಹುಡುಕಬೇಕು. ನೋ ಸಚ್ ಮೆಥಡ್ ಎರರ್ ಬಂದರೆ ಕ್ಲಾಸು ಇದೆ, ಆದರೆ ಅದು ಬೇರೆ ಆವೃತ್ತಿಯ ಕ್ಲಾಸು. ಅನ್‌ಸಪೋರ್ಟೆಡ್ ಕ್ಲಾಸ್ ವರ್ಶನ್ ಎರರ್ ಜೊತೆಗೆ ಬರುವ ಸಂಖ್ಯೆ ನೇರವಾಗಿಯೇ ಉತ್ತರ ಕೊಡುತ್ತದೆ: 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21.

ಸಂದೇಶ ಓದುವ ಹಂತದ ದೋಷವನ್ನು ಗುರುತಿಸಲು ಥ್ರಿಫ್ಟ್‌ನ ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಪಯುಕ್ತ. ಫ್ರೇಮ್ಡ್ ಟ್ರಾನ್ಸ್‌ಪೋರ್ಟ್ ಬಳಸುವ ಥ್ರಿಫ್ಟ್ ಸರ್ವರು ಬಂದ ಸಂದೇಶದ ಮೊದಲ ನಾಲ್ಕು ಬೈಟುಗಳನ್ನು ಸಂದೇಶದ ಉದ್ದವೆಂದು ಓದಿಕೊಳ್ಳುತ್ತದೆ. ಲಾಗ್‌ನಲ್ಲಿ ಫ್ರೇಮಿನ ಗಾತ್ರ 1195725856 ಎಂದು, ಅದು ಗರಿಷ್ಠ ಮಿತಿಯಾದ 16384000 ಅನ್ನು ಮೀರಿದೆ ಎಂದು ಬಂದರೆ, ಅಷ್ಟು ದೊಡ್ಡ ಸಂದೇಶವನ್ನು ಯಾರೂ ಕಳಿಸಿರುವುದಿಲ್ಲ. ಬ್ರೌಸರು ಸಾಮಾನ್ಯವಾಗಿ ಕಳಿಸುವ ಎಚ್‌ಟಿಟಿಪಿ ಕೋರಿಕೆ ಆರಂಭವಾಗುವುದು ಗೆಟ್ ಎಂಬ ಪದದ ಮೂರು ಇಂಗ್ಲಿಷ್ ಅಕ್ಷರಗಳು ಮತ್ತು ಒಂದು ಖಾಲಿ ಜಾಗದಿಂದ. ಈ ನಾಲ್ಕು ಬೈಟುಗಳನ್ನು ಒಟ್ಟಿಗೆ ಒಂದು ಸಂಖ್ಯೆಯಾಗಿ ಓದಿದರೆ ಬರುವುದೇ 1195725856. ಅಂದರೆ ಯಾರೋ ಬ್ರೌಸರಿನಿಂದಲೋ ಆರೋಗ್ಯ ತಪಾಸಣೆಯ ಸ್ಕ್ರಿಪ್ಟಿನಿಂದಲೋ ಥ್ರಿಫ್ಟ್ ಪೋರ್ಟಿಗೆ ಎಚ್‌ಟಿಟಿಪಿ ಕಳಿಸುತ್ತಿದ್ದಾರೆ. ಇದೇ ರೀತಿ ಋಣ ಸಂಖ್ಯೆ -2147418111 ಕಂಡರೆ, ಕ್ಲೈಂಟ್ ಫ್ರೇಮ್ ಇಲ್ಲದ ಟ್ರಾನ್ಸ್‌ಪೋರ್ಟ್‌ನಲ್ಲಿ ಬೈನರಿ ಪ್ರೋಟೋಕಾಲಿನ ಸಂದೇಶವನ್ನು ಕಳಿಸುತ್ತಿದೆ, ಸರ್ವರ್ ಮಾತ್ರ ಫ್ರೇಮಿಗಾಗಿ ಕಾಯುತ್ತಿದೆ. ಇಲ್ಲಿ ಗರಿಷ್ಠ ಮಿತಿಯನ್ನು ಹೆಚ್ಚಿಸುವುದು ಪರಿಹಾರವಲ್ಲ. ಹಾಗೆ ಮಾಡಿದರೆ ಸರ್ವರು ಒಂದು ಜಿಬಿಗೂ ಹೆಚ್ಚು ಮೆಮೊರಿ ಕೇಳಿ ಬೀಳುತ್ತದೆ. ಎರಡೂ ಕಡೆ ಒಂದೇ ಟ್ರಾನ್ಸ್‌ಪೋರ್ಟ್ ಇಡುವುದೊಂದೇ ದಾರಿ.

ಆವೃತ್ತಿ ಘರ್ಷಣೆ: ನಾಲ್ಕು ಪರಿಹಾರಗಳ ಹೋಲಿಕೆ

ಅತಿ ಹೆಚ್ಚು ಸಮಯ ನುಂಗುವುದು ಈ ವರ್ಗದ ದೋಷವಾದ್ದರಿಂದ ಇದನ್ನು ವಿವರವಾಗಿ ನೋಡೋಣ. ಗೂಗಲ್‌ನ ಗುವಾವಾ ಲೈಬ್ರರಿಯನ್ನು ತೆಗೆದುಕೊಳ್ಳಿ. ಜಿಆರ್‌ಪಿಸಿ ಇದನ್ನು ಒಳಗೆ ಬಳಸುತ್ತದೆ. ನಿಮ್ಮ ಅನ್ವಯ ಹಳೆಯದೊಂದು ವರದಿ ಲೈಬ್ರರಿಯನ್ನೂ ಬಳಸುತ್ತಿದ್ದು, ಅದು ಗುವಾವಾ 11.0.2 ಅನ್ನು ಬೇಡುತ್ತದೆ ಎಂದುಕೊಳ್ಳಿ. ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಎದುರಾದಾಗ ಬಿಲ್ಡ್ ಸಾಧನವಾದ ಮೇವನ್ ನಿಮ್ಮ ಪಾಮ್ ಫೈಲಿಗೆ (ಅದರ ಬಿಲ್ಡ್ ಫೈಲಿಗೆ) ಹತ್ತಿರವಿರುವುದನ್ನು ಆರಿಸುತ್ತದೆ, ಹೊಸದನ್ನಲ್ಲ. ದೂರ ಸಮನಾಗಿದ್ದರೆ ಮೊದಲು ಬರೆದದ್ದು ಗೆಲ್ಲುತ್ತದೆ. ಆದ್ದರಿಂದ 11.0.2 ಒಂದು ಹೆಜ್ಜೆ ಹತ್ತಿರವಿದ್ದರೆ ಅದೇ ಉಳಿಯುತ್ತದೆ, ಬಿಲ್ಡ್ ಯಾವ ದೂರೂ ಇಲ್ಲದೆ ಮುಗಿಯುತ್ತದೆ, ಓಡಿಸಿದಾಗ ಮಾತ್ರ ಪ್ರೀಕಂಡಿಶನ್ಸ್ ಎಂಬ ಕ್ಲಾಸಿನ ಚೆಕ್ ಆರ್ಗ್ಯುಮೆಂಟ್ ಮೆಥಡ್ಡಿನ ಮೇಲೆ ನೋ ಸಚ್ ಮೆಥಡ್ ಎರರ್ ಬರುತ್ತದೆ. ಆ ಮೆಥಡ್ಡಿನ ಹೊಸ ರೂಪಗಳು ಗುವಾವಾ 20 ರಲ್ಲಿ ಸೇರಿದವು. 11 ರಲ್ಲಿ ಅವು ಇಲ್ಲ. ಇನ್ನೊಂದು ಬಿಲ್ಡ್ ಸಾಧನವಾದ ಗ್ರೇಡಲ್ ಇದೇ ಸಂದರ್ಭದಲ್ಲಿ ಅತಿ ಹೊಸ ಆವೃತ್ತಿಯನ್ನು ಆರಿಸುತ್ತದೆ. ಆಗ ಜಿಆರ್‌ಪಿಸಿ ನಡೆಯುತ್ತದೆ, ಆದರೆ ವರದಿ ಲೈಬ್ರರಿ ಬಳಸುವ ಆಬ್ಜೆಕ್ಟ್ಸ್ ಕ್ಲಾಸಿನ ಟು ಸ್ಟ್ರಿಂಗ್ ಹೆಲ್ಪರ್ ಗುವಾವಾ 21 ರಲ್ಲಿ ತೆಗೆದುಹಾಕಲ್ಪಟ್ಟಿರುವುದರಿಂದ ಅದು ಮುರಿಯುತ್ತದೆ. ಒಂದೇ ಪ್ರಾಜೆಕ್ಟನ್ನು ಮೇವನ್‌ನಿಂದ ಗ್ರೇಡಲ್‌ಗೆ ಸಾಗಿಸಿದಾಗ ದೋಷ ಹೋಗದೆ ಕೇವಲ ಜಾಗ ಬದಲಿಸುವುದು ಇದೇ ಕಾರಣಕ್ಕೆ.

ಮೇವನ್‌ನಲ್ಲಿ ಡಿಪೆಂಡೆನ್ಸಿ ಟ್ರೀ ಆದೇಶವನ್ನು ವರ್ಬೋಸ್ ಆಯ್ಕೆಯೊಂದಿಗೆ, ಗ್ರೇಡಲ್‌ನಲ್ಲಿ ಡಿಪೆಂಡೆನ್ಸಿ ಇನ್‌ಸೈಟ್ ಆದೇಶವನ್ನು ಓಡಿಸಿದರೆ ಯಾವ ಆವೃತ್ತಿ ಗೆದ್ದಿತು, ಯಾವುದು ಬಿಟ್ಟುಹೋಯಿತು ಎಂಬುದು ತಿಳಿಯುತ್ತದೆ. ಆದರೆ ಇವು ಹೇಳುವುದು ಬಿಲ್ಡಿನ ಮಾತನ್ನು; ಕಾರ್ಖಾನೆಯ ಸರ್ವರಿನ ಲಿಬ್ ಫೋಲ್ಡರಿನಲ್ಲಿ ಯಾರೋ ಕೈಯಿಂದ ಹಾಕಿದ ಹಳೆಯ ಜಾರ್ ಇದ್ದರೆ ಅದು ಟ್ರೀಯಲ್ಲಿ ಕಾಣುವುದೇ ಇಲ್ಲ. ಹೀಗಾಗಿ ನಾನು ಮೊದಲು ನಂಬುವುದು ಓಡುತ್ತಿರುವ ಪ್ರೋಗ್ರಾಮನ್ನು. ಜಾವಾ ಆದೇಶಕ್ಕೆ ವರ್ಬೋಸ್ ಕ್ಲಾಸ್ ಆಯ್ಕೆ ಕೊಟ್ಟರೆ ಪ್ರತಿ ಕ್ಲಾಸು ಯಾವ ಜಾರ್‌ನಿಂದ ಬಂತು ಎಂದು ಸಾಲುಸಾಲಾಗಿ ಮುದ್ರಿಸುತ್ತದೆ. ದೂರಿನಲ್ಲಿರುವ ಕ್ಲಾಸಿನ ಹೆಸರನ್ನು ಅದರಲ್ಲಿ ಹುಡುಕಿದರೆ ಅನುಮಾನಕ್ಕೆ ಜಾಗವಿರುವುದಿಲ್ಲ.

ಕಾರಣ ತಿಳಿದ ಮೇಲೆ ಮೊದಲ ಪರಿಹಾರ ಎಕ್ಸ್‌ಕ್ಲೂಡ್ ಮಾಡುವುದು, ಅಂದರೆ ಬೇಡದ ಆವೃತ್ತಿಯನ್ನು ತರುವ ಲೈಬ್ರರಿಗೆ ಅದನ್ನು ತರಬೇಡವೆಂದು ಹೇಳುವುದು. ಇದು ಕೂಡಲೇ ಫಲ ಕೊಡುತ್ತದೆ, ಆದ್ದರಿಂದಲೇ ಅತಿಯಾಗಿ ಬಳಕೆಯಾಗುತ್ತದೆ. ಅದರ ಕೊರತೆ ಏನೆಂದರೆ ಬೇಡ ಎಂಬುದನ್ನಷ್ಟೇ ಅದು ದಾಖಲಿಸುತ್ತದೆ, ಬೇಕಾದದ್ದು ಯಾವುದೆಂದು ಹೇಳುವುದಿಲ್ಲ; ಮೂರು ತಿಂಗಳ ನಂತರ ಇನ್ನೊಂದು ಲೈಬ್ರರಿ ಸೇರಿಸಿದಾಗ ಅದೇ ಹಳೆಯ ಆವೃತ್ತಿ ಬೇರೆ ಬಾಗಿಲಿನಿಂದ ಒಳಬರುತ್ತದೆ. ಒಂದೇ ಕೆಲಸಕ್ಕೆ ಎರಡು ಲೈಬ್ರರಿಗಳು ಬಂದಿರುವಾಗ, ಉದಾಹರಣೆಗೆ ಎರಡು ಲಾಗಿಂಗ್ ಬೈಂಡಿಂಗ್‌ಗಳು ಇದ್ದಾಗ, ಎಕ್ಸ್‌ಕ್ಲೂಡ್ ಸರಿಯಾದ ಆಯ್ಕೆ. ಆವೃತ್ತಿಯ ಘರ್ಷಣೆಗೆ ಅಲ್ಲ.

ಎರಡನೆಯದು ಆವೃತ್ತಿಯನ್ನು ಒಂದೇ ಕಡೆ ನಿಗದಿಪಡಿಸುವುದು: ಮೇವನ್‌ನ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಭಾಗ, ಗ್ರೇಡಲ್‌ನ ಪ್ಲಾಟ್‌ಫಾರ್ಮ್, ಅಥವಾ ತಯಾರಕರೇ ಕೊಡುವ ಬಾಮ್ ಫೈಲು (ಒಂದಕ್ಕೊಂದು ಹೊಂದುವ ಆವೃತ್ತಿಗಳ ಪಟ್ಟಿ). ಜಿಆರ್‌ಪಿಸಿಗೆ ಮತ್ತು ಅದು ಸಂದೇಶಗಳಿಗೆ ಬಳಸುವ ಪ್ರೊಟೊಬಫ್‌ಗೆ ಪ್ರತ್ಯೇಕ ಬಾಮ್‌ಗಳಿವೆ. ಅವುಗಳನ್ನು ಇಂಪೋರ್ಟ್ ಮಾಡಿಕೊಂಡರೆ ಕೋರ್, ಸ್ಟಬ್, ನೆಟ್ಟಿ (ನೆಟ್‌ವರ್ಕ್ ಸಂಪರ್ಕದ ಲೈಬ್ರರಿ) ಮುಂತಾದ ಭಾಗಗಳು ಬೇರೆ ಬೇರೆ ಆವೃತ್ತಿಯಲ್ಲಿ ಸೇರುವ ಪ್ರಮೇಯವೇ ಬರುವುದಿಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ನನ್ನ ಶಿಫಾರಸು ಇದೇ, ಏಕೆಂದರೆ ನಿರ್ಧಾರ ಒಂದೇ ಜಾಗದಲ್ಲಿ ಬರಹರೂಪದಲ್ಲಿ ಇರುತ್ತದೆ ಮತ್ತು ಅದರ ಮೇಲೆ ಕಾರಣವನ್ನು ಒಂದು ಸಾಲು ಕಾಮೆಂಟ್ ಆಗಿ ಬರೆದಿಡಬಹುದು. ಎರಡು ಬಾಮ್‌ಗಳು ಒಂದೇ ಲೈಬ್ರರಿಯ ಬಗ್ಗೆ ಬೇರೆ ಬೇರೆ ಮಾತು ಹೇಳಿದರೆ ಮೇವನ್‌ನಲ್ಲಿ ಮೊದಲು ಬರೆದದ್ದು ಗೆಲ್ಲುತ್ತದೆ ಎಂಬುದನ್ನು ನೆನಪಿಡಬೇಕು. ನಿಮ್ಮ ಪಾಮ್‌ನಲ್ಲಿ ನೀವೇ ನೇರವಾಗಿ ಬರೆದದ್ದು ಎರಡನ್ನೂ ಮೀರುತ್ತದೆ. ಇದರ ಜೊತೆಗೆ ಮೇವನ್ ಎನ್‌ಫೋರ್ಸರ್‌ನ ರಿಕ್ವೈರ್ ಅಪ್ಪರ್ ಬೌಂಡ್ ಡೆಪ್ಸ್ ನಿಯಮವನ್ನು ಹಾಕಿದರೆ, ಯಾರಾದರೂ ಬೇಡಿದ್ದಕ್ಕಿಂತ ಹಳೆಯ ಆವೃತ್ತಿ ಗೆದ್ದೊಡನೆ ಬಿಲ್ಡೇ ನಿಲ್ಲುತ್ತದೆ. ಎಲ್ಲ ಆವೃತ್ತಿಗಳೂ ಅಕ್ಷರಶಃ ಒಂದೇ ಇರಬೇಕೆನ್ನುವ ಡಿಪೆಂಡೆನ್ಸಿ ಕನ್ವರ್ಜೆನ್ಸ್ ನಿಯಮ ಸಣ್ಣ ತಂಡಕ್ಕೆ ಅತಿ ಬಿಗಿಯಾಗುತ್ತದೆ, ಕೊನೆಗೆ ಅದನ್ನು ಬೇಸತ್ತು ತೆಗೆದುಹಾಕುತ್ತಾರೆ.

ಮೇಲಿನ ಗುವಾವಾ ಉದಾಹರಣೆಯಲ್ಲಿ ಈ ಎರಡೂ ಸಾಲುವುದಿಲ್ಲ, ಏಕೆಂದರೆ ವರದಿ ಲೈಬ್ರರಿಗೆ 21 ಕ್ಕಿಂತ ಹಿಂದಿನದು ಬೇಕು. ಹೊಸ ಜಿಆರ್‌ಪಿಸಿ ಕೇಳುವುದಾದರೋ 30 ರ ಮೇಲಿನದನ್ನು. ಇಲ್ಲಿ ಮೂರನೆಯ ಪರಿಹಾರ ಬರುತ್ತದೆ: ಮೇವನ್ ಶೇಡ್ ಪ್ಲಗಿನ್ನಿನಿಂದ ಹಳೆಯ ಲೈಬ್ರರಿಯನ್ನೂ ಅದರ ಗುವಾವಾವನ್ನೂ ಬೇರೊಂದು ಜಾರ್‌ನಲ್ಲಿ ಕಟ್ಟಿ, ಒಳಗಿನ ಪ್ಯಾಕೇಜಿನ ಹೆಸರನ್ನೇ ಬದಲಿಸಿಬಿಡುವುದು. ಆಗ ಎರಡು ಗುವಾವಾಗಳು ಒಂದೇ ಮನೆಯಲ್ಲಿ ಬೇರೆ ಬೇರೆ ಹೆಸರಿನಿಂದ ವಾಸಿಸುತ್ತವೆ. ಜಿಆರ್‌ಪಿಸಿಯವರು ತಾವೇ ನೆಟ್ಟಿಗೆ ಹೀಗೆ ಮಾಡಿ ನೆಟ್ಟಿ ಶೇಡೆಡ್ ಎಂಬ ಜಾರ್ ಕೊಡುತ್ತಾರೆ. ಸ್ಪ್ರಿಂಗ್ ಬೂಟ್‌ನಂಥ ಚೌಕಟ್ಟು ನೆಟ್ಟಿಯ ಆವೃತ್ತಿಯನ್ನು ತನ್ನದೇ ರೀತಿಯಲ್ಲಿ ನಿಗದಿಪಡಿಸುವಲ್ಲಿ ಇದನ್ನೇ ಬಳಸುವುದು ಕ್ಷೇಮ. ಆದರೆ ಬೆಲೆಯೂ ಇದೆ. ಹೆಸರು ಬದಲಿಸಿದ ಲೈಬ್ರರಿ ಡಿಪೆಂಡೆನ್ಸಿ ಟ್ರೀಯಲ್ಲಿ ಕಾಣುವುದಿಲ್ಲ. 2021 ರ ಡಿಸೆಂಬರ್‌ನಲ್ಲಿ ಲಾಗ್ ಬರೆಯುವ ಲೈಬ್ರರಿಯಾದ ಲಾಗ್‌ಫೋರ್‌ಜೆಯ ಗಂಭೀರ ಭದ್ರತಾ ದೋಷ ಹೊರಬಂದಾಗ, ಬೇರೆ ಜಾರ್‌ಗಳ ಹೊಟ್ಟೆಯಲ್ಲಿ ಅಡಗಿದ್ದ ಪ್ರತಿಗಳನ್ನು ಹುಡುಕುವುದೇ ಎಲ್ಲರಿಗೂ ದೊಡ್ಡ ಕೆಲಸವಾಗಿತ್ತು. ಶೇಡ್ ಮಾಡುವುದಾದರೆ ಒಳಗೆ ಏನಿದೆ, ಯಾವ ಆವೃತ್ತಿಯದು ಎಂಬುದನ್ನು ರೀಡ್‌ಮಿ ಫೈಲಿನಲ್ಲಿ ಬರೆಯುವುದು ಕಡ್ಡಾಯವೆಂದೇ ತಿಳಿಯಬೇಕು.

ನಾಲ್ಕನೆಯದು ಹಳೆಯ ಲೈಬ್ರರಿಯನ್ನು ಬೇರೆಯೇ ಪ್ರೊಸೆಸ್ ಆಗಿ ಓಡಿಸುವುದು. ಆರ್‌ಪಿಸಿ ಈಗಾಗಲೇ ಇರುವಾಗ ವರದಿ ತಯಾರಿಸುವ ಭಾಗವನ್ನು ಪ್ರತ್ಯೇಕ ಸರ್ವಿಸ್ ಮಾಡಿ, ಅದಕ್ಕೆ ಅದರದೇ ಕ್ಲಾಸ್‌ಪಾತ್ ಕೊಡುವುದು ಸ್ವಚ್ಛವಾದ ಕ್ರಮ. ಓಡಿಸಬೇಕಾದ, ನಿಗಾ ಇಡಬೇಕಾದ ಪ್ರೊಸೆಸ್ ಒಂದು ಹೆಚ್ಚುತ್ತದೆ ಎಂಬುದೇ ಅದರ ತೊಂದರೆ. ಹಳೆಯ ಲೈಬ್ರರಿಯ ತಯಾರಕರು ಅದನ್ನು ಕೈಬಿಟ್ಟಿದ್ದಾರೆ, ಇನ್ನೂ ನಾಲ್ಕೈದು ವರ್ಷ ಅದು ಬೇಕು ಎನ್ನುವಂತಿದ್ದರೆ ಶೇಡ್ ಮಾಡುವುದಕ್ಕಿಂತ ಇದು ಒಳ್ಳೆಯದು. ತಾತ್ಕಾಲಿಕ ಅಗತ್ಯಕ್ಕೆ ಇದು ಅತಿ ದುಬಾರಿ.

ಪ್ರೊಟೊಬಫ್ ಘರ್ಷಣೆಗೆ ಮಾತ್ರ ಇನ್ನೊಂದು ನಿಯಮ ಸೇರುತ್ತದೆ. ಪ್ರೊಟೊ ಫೈಲಿನಿಂದ ಜಾವಾ ಕೋಡ್ ತಯಾರಿಸುವ ಪ್ರೊಟೊಸಿ ಕಂಪೈಲರು ರನ್‌ಟೈಮ್ ಲೈಬ್ರರಿಗಿಂತ ಹೊಸದಾಗಿರಬಾರದು. ಸಂಖ್ಯೆಗಳು ಮೇಲ್ನೋಟಕ್ಕೆ ದಾರಿ ತಪ್ಪಿಸುತ್ತವೆ: ಪ್ರೊಟೊಸಿ 25.1 ಕ್ಕೆ ಜೊತೆಯಾದ ಜಾವಾ ರನ್‌ಟೈಮ್ 3.25.1, ಆದರೆ ಪ್ರೊಟೊಸಿ 26 ಕ್ಕೆ ಜೊತೆಯಾದದ್ದು 4.26. ಪ್ರೊಟೊಸಿಯನ್ನು ಕಂಪ್ಯೂಟರಿನಲ್ಲಿ ಬೇರೆಯಾಗಿ ಇನ್‌ಸ್ಟಾಲ್ ಮಾಡಿಟ್ಟುಕೊಂಡರೆ ಇಬ್ಬರ ಕಂಪ್ಯೂಟರುಗಳಲ್ಲಿ ಎರಡು ಆವೃತ್ತಿ ಇದ್ದೇ ಇರುತ್ತವೆ, ಮತ್ತು ಹೊಸ ಕಂಪೈಲರಿನ ಕೋಡು ಹಳೆಯ ರನ್‌ಟೈಮಿನ ಮೇಲೆ ರನ್‌ಟೈಮ್ ವರ್ಶನ್ ಎಂಬ ಕ್ಲಾಸು ಸಿಗಲಿಲ್ಲವೆಂದು ಬೀಳುತ್ತದೆ. ಬಿಲ್ಡ್ ಪ್ಲಗಿನ್ನೇ ಪ್ರೊಟೊಸಿಯನ್ನು ತರಿಸಿಕೊಳ್ಳುವಂತೆ ಮಾಡಿ, ಎರಡರ ಆವೃತ್ತಿಯನ್ನೂ ಬಿಲ್ಡ್ ಫೈಲಿನಲ್ಲಿ ಅಕ್ಕಪಕ್ಕ ಬರೆಯುವುದು ಉಳಿದೆಲ್ಲ ಕ್ರಮಗಳಿಗಿಂತ ಉತ್ತಮ.

ಒಂದೇ ದೊಡ್ಡ ಜಾರ್ ಅಥವಾ ಲಿಬ್ ಫೋಲ್ಡರ್

ಪೆನ್ ಡ್ರೈವಿನಲ್ಲಿ ಒಂದೇ ಫೈಲು ಒಯ್ದು ಹಾಕುವ ಅನುಕೂಲಕ್ಕಾಗಿ ಎಲ್ಲವನ್ನೂ ಒಂದೇ ಫ್ಯಾಟ್ ಜಾರ್ ಮಾಡುವ ರೂಢಿ ಇದೆ. ಆರ್‌ಪಿಸಿ ಲೈಬ್ರರಿಗಳಿಗೆ ಇದರಲ್ಲಿ ಒಂದು ವಿಶೇಷ ಅಪಾಯವಿದೆ. ಜಿಆರ್‌ಪಿಸಿ ತನ್ನ ಟ್ರಾನ್ಸ್‌ಪೋರ್ಟ್ ಮತ್ತು ಲೋಡ್ ಬ್ಯಾಲೆನ್ಸರ್‌ಗಳನ್ನು ಹುಡುಕುವುದು ಜಾರ್‌ನ ಮೆಟಾ ಇನ್ಫ್ ಫೋಲ್ಡರಿನೊಳಗಿನ ಸರ್ವಿಸಸ್ ಫೈಲುಗಳ ಮೂಲಕ. ಬೇರೆ ಬೇರೆ ಜಾರ್‌ಗಳಲ್ಲಿ ಒಂದೇ ಹೆಸರಿನ ಸರ್ವಿಸಸ್ ಫೈಲುಗಳು ಇರುತ್ತವೆ. ಒಂದೇ ಜಾರ್‌ಗೆ ಸುರಿದಾಗ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಎಡಿಟರಿನಲ್ಲಿ ಓಡುವ ಅನ್ವಯ ಸರ್ವರಿನ ಮೇಲೆ ಪಿಕ್ ಫಸ್ಟ್ ಎಂಬ ಪಾಲಿಸಿ ಸಿಗಲಿಲ್ಲವೆಂದೋ, ಚಾನೆಲ್ ಒದಗಿಸುವ ಪ್ರೊವೈಡರ್ ಇಲ್ಲವೆಂದೋ ಹೇಳಿ ನಿಲ್ಲುತ್ತದೆ. ಡಿಪೆಂಡೆನ್ಸಿ ಪಟ್ಟಿಯಲ್ಲಿ ಎಲ್ಲವೂ ಸರಿಯಾಗಿ ಇರುವುದರಿಂದ ಈ ದೋಷ ಬಹಳ ಕಾಡುತ್ತದೆ.

ಶೇಡ್ ಪ್ಲಗಿನ್ನಿಗೆ ಸರ್ವಿಸಸ್ ರಿಸೋರ್ಸ್ ಟ್ರಾನ್ಸ್‌ಫಾರ್ಮರ್ ಸೇರಿಸಿದರೆ ಆ ಫೈಲುಗಳು ಅಳಿಯದೆ ಕೂಡಿಕೊಳ್ಳುತ್ತವೆ. ಸ್ಪ್ರಿಂಗ್ ಬೂಟ್‌ನ ಪ್ಲಗಿನ್ನು ಜಾರ್‌ಗಳನ್ನು ಬಿಚ್ಚದೆ ಒಳಗೆ ಹಾಗೇ ಇಡುವುದರಿಂದ ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಇವೆರಡೂ ಇಲ್ಲದಿದ್ದಲ್ಲಿ ಲಿಬ್ ಫೋಲ್ಡರ್ ಇಟ್ಟು ಸಣ್ಣ ಸ್ಟಾರ್ಟ್ ಸ್ಕ್ರಿಪ್ಟಿನಿಂದ ಓಡಿಸುವುದೇ ಮೇಲು: ಯಾವ ಜಾರ್ ಇದೆ ಎಂಬುದು ಫೋಲ್ಡರ್ ತೆರೆದರೆ ಕಾಣುತ್ತದೆ. ಹೊಸ ಬಿಡುಗಡೆ ಹಾಕುವಾಗ ಮಾತ್ರ ಹಳೆಯ ಫೋಲ್ಡರಿನ ಮೇಲೆ ಕಾಪಿ ಮಾಡದೆ ಹೊಸ ಫೋಲ್ಡರನ್ನೇ ಮಾಡಬೇಕು.

ಜಾವಾ ಆವೃತ್ತಿ ಏರಿಸುವಾಗ

ಜಾವಾ 8 ರಿಂದ ನೇರವಾಗಿ 17 ಕ್ಕೋ 21 ಕ್ಕೋ ಏರಿದವರಿಗೆ ಜಾಕ್ಸ್‌ಬಿ, ಜಾಕ್ಸ್ ಡಬ್ಲ್ಯೂಎಸ್, ಕೋರ್ಬಾ ಎಂಬ ಹಳೆಯ ಅಂತರ್ಗತ ಭಾಗಗಳು ಇಲ್ಲವಾಗುತ್ತವೆ; 2018 ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 11 ಇವುಗಳನ್ನು ಜೆಡಿಕೆಯಿಂದ (ಜಾವಾದ ಮೂಲ ಸಾಧನಗಳ ಕಟ್ಟಿನಿಂದ) ತೆಗೆದುಹಾಕಿತು. ಇದೇ ಕಾರಣಕ್ಕೆ ಜಿಆರ್‌ಪಿಸಿಯ ಹಳೆಯ ತಯಾರಿತ ಕೋಡು ಜಾವಾಎಕ್ಸ್‌ನ ಜನರೇಟೆಡ್ ಅನೊಟೇಶನ್ ಸಿಗಲಿಲ್ಲವೆಂದು ಕಂಪೈಲ್ ಆಗುವುದಿಲ್ಲ. ಅನೊಟೇಶನ್ ಎಪಿಐ ಜಾರ್ ಒಂದನ್ನು ಕಂಪೈಲ್ ಹಂತಕ್ಕೆ ಸೇರಿಸಿದರೆ ಸಾಕು. ಸ್ಪ್ರಿಂಗ್ ಬೂಟ್ 3 ಅನ್ನು ಮುಟ್ಟುವುದಾದರೆ ಜಾವಾ 17 ಕಡ್ಡಾಯ, ಜೊತೆಗೆ ಜಾವಾಎಕ್ಸ್ ಎಂಬ ಪ್ಯಾಕೇಜ್ ಹೆಸರುಗಳು ಜಕಾರ್ತಾ ಆಗಿರುತ್ತವೆ. ಹಳೆಯ ಜಾರ್‌ಗಳು ಆ ಹೆಸರು ಅರಿಯವು. ಬೇರೆ ಒತ್ತಡವಿಲ್ಲದಿದ್ದರೆ ಜಾವಾ ಏರಿಕೆ ಮತ್ತು ಸ್ಪ್ರಿಂಗ್ ಏರಿಕೆಯನ್ನು ಎರಡು ಪ್ರತ್ಯೇಕ ಬಿಡುಗಡೆಗಳಾಗಿ ಮಾಡುವುದು ಒಳ್ಳೆಯದು.

ಹಳೆಯ ಪ್ರಾಜೆಕ್ಟನ್ನು ಹೊಸ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಲಾಗದಿದ್ದರೆ ದೋಷ ಕೋಡಿನದೇ ಆಗಿರಬೇಕಿಲ್ಲ. ಜಾರ್‌ಗಳ ಸಾರ್ವಜನಿಕ ಭಂಡಾರವಾದ ಮೇವನ್ ಸೆಂಟ್ರಲ್ 2020 ರ ಜನವರಿ 15 ರಿಂದ ಎಚ್‌ಟಿಟಿಪಿಎಸ್ ಅಲ್ಲದ ಕೋರಿಕೆಗಳಿಗೆ 501 ಎಂಬ ಉತ್ತರ ಕೊಡುತ್ತದೆ, ಅಂಥದೇ ಇನ್ನೊಂದು ಭಂಡಾರವಾದ ಜೆಸೆಂಟರ್ ಮುಚ್ಚಿದೆ. ಬಿಲ್ಡ್ ಫೈಲಿನ ವಿಳಾಸ ತಿದ್ದಬೇಕು. ಇಂಟರ್ನೆಟ್ ನಡುವೆ ಕಡಿತವಾದ ಕಡೆ ಲಾಸ್ಟ್ ಅಪ್‌ಡೇಟೆಡ್ ಎಂದು ಕೊನೆಗೊಳ್ಳುವ ಫೈಲುಗಳು ಎಂ2 ಫೋಲ್ಡರಿನಲ್ಲಿ (ಮೇವನ್ ಇಳಿಸಿಕೊಂಡ ಜಾರ್‌ಗಳನ್ನು ಇಡುವ ಜಾಗದಲ್ಲಿ) ಉಳಿದು, ಸಂಪರ್ಕ ಮರಳಿದರೂ ಮೇವನ್ ಆ ಜಾರ್‌ಗಾಗಿ ಕೆಲಕಾಲ ಮತ್ತೆ ಪ್ರಯತ್ನಿಸದಿರಬಹುದು. ಅಪ್‌ಡೇಟ್ ಆಯ್ಕೆಯೊಂದಿಗೆ ಬಿಲ್ಡ್ ಮಾಡಿದರೆ ಸರಿಹೋಗುತ್ತದೆ. ಇಡೀ ಎಂ2 ಫೋಲ್ಡರನ್ನು ಅಳಿಸಿ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳುವ ಅಗತ್ಯವಿಲ್ಲ.

ಕಾನ್ಫಿಗರೇಶನ್: ವಿಳಾಸ, ಪೋರ್ಟು, ಸಮಯಮಿತಿ

ಆರ್‌ಎಂಐ ಬಳಸುವ ಹಳೆಯ ತಂತ್ರಾಂಶದಲ್ಲಿ ಪದೇ ಪದೇ ಎದುರಾಗುವ ಒಂದು ದೋಷವಿದೆ. ಕಾರ್ಖಾನೆಯ ಕಾಟಾದ ಕ್ಯಾಬಿನ್ನಿನಲ್ಲಿರುವ ಕಂಪ್ಯೂಟರು ಲೆಕ್ಕಪತ್ರ ವಿಭಾಗದ ಉಬುಂಟು ಸರ್ವರಿಗೆ ಸರಿಯಾದ ಐಪಿ ಕೊಟ್ಟು ಸಂಪರ್ಕಿಸುತ್ತದೆ, 1099 ನೆಯ ಪೋರ್ಟಿನ ರಿಜಿಸ್ಟ್ರಿ (ಯಾವ ಸರ್ವಿಸ್ ಎಲ್ಲಿದೆ ಎಂಬ ಪಟ್ಟಿ) ಉತ್ತರಿಸುತ್ತದೆ, ಲುಕಪ್ ಯಶಸ್ವಿಯಾಗುತ್ತದೆ. ಆದರೆ ಮೊದಲ ಮೆಥಡ್ ಕರೆದೊಡನೆ 127.0.1.1 ಗೆ ಸಂಪರ್ಕ ನಿರಾಕರಿಸಲಾಗಿದೆ ಎಂಬ ದೋಷ ಬರುತ್ತದೆ. ಕ್ಲೈಂಟ್ ತನ್ನದೇ ಕಂಪ್ಯೂಟರಿಗೆ ಏಕೆ ಹೋಯಿತು? ಆರ್‌ಎಂಐ ಸ್ಟಬ್ಬಿನೊಳಗೆ (ದೂರದ ಆಬ್ಜೆಕ್ಟಿನ ಪ್ರತಿನಿಧಿಯಾಗಿ ಕ್ಲೈಂಟಿಗೆ ಸಿಗುವ ಆಬ್ಜೆಕ್ಟಿನೊಳಗೆ) ಸರ್ವರ್ ತನ್ನ ವಿಳಾಸವನ್ನು ಬರೆದು ಕಳಿಸುತ್ತದೆ. ಡೆಬಿಯನ್ ಮತ್ತು ಉಬುಂಟು ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಹೆಸರನ್ನು 127.0.1.1 ಕ್ಕೆ ಕಟ್ಟಿರುವುದರಿಂದ ಸರ್ವರ್ ಅದನ್ನೇ ತನ್ನ ವಿಳಾಸವೆಂದು ತಿಳಿಸುತ್ತದೆ. ಹೋಸ್ಟ್ಸ್ ಫೈಲನ್ನು ತಿದ್ದುವುದು ಒಂದು ಪರಿಹಾರ, ಸರ್ವರ್ ಆರಂಭಿಸುವಾಗ ಜಾವಾ ಆರ್‌ಎಂಐ ಸರ್ವರ್ ಹೋಸ್ಟ್‌ನೇಮ್ ಎಂಬ ಪ್ರಾಪರ್ಟಿಗೆ ನಿಜವಾದ ಐಪಿ ಕೊಡುವುದು ಇನ್ನೊಂದು. ನಾನು ಎರಡನೆಯದನ್ನೇ ಹೇಳುತ್ತೇನೆ: ಅದು ಸ್ಟಾರ್ಟ್ ಸ್ಕ್ರಿಪ್ಟಿನಲ್ಲಿ ಕಣ್ಣಿಗೆ ಕಾಣುತ್ತದೆ, ಸರ್ವರ್ ಬದಲಾದಾಗ ಜೊತೆಗೇ ಸಾಗುತ್ತದೆ, ಬೇರೆ ತಂತ್ರಾಂಶಗಳನ್ನು ಮುಟ್ಟುವುದಿಲ್ಲ. ನಡುವೆ ಫೈರ್‌ವಾಲ್ ಇದ್ದರೆ 1099 ಒಂದನ್ನು ತೆರೆದರೆ ಸಾಲದು, ಏಕೆಂದರೆ ಆಬ್ಜೆಕ್ಟ್ ಕೇಳುವ ಪೋರ್ಟು ಬೇರೆ ಮತ್ತು ನಿಗದಿ ಮಾಡದಿದ್ದರೆ ಪ್ರತಿ ಬಾರಿಯೂ ಬದಲಾಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಒಂದು ಸ್ಥಿರ ಪೋರ್ಟು ಕೊಡಲೇಬೇಕು.

ಡಬ್ಬೊದಲ್ಲಿಯೂ ಇದೇ ಬಗೆಯ ದೋಷವಿದೆ. ಎರಡು ನೆಟ್‌ವರ್ಕ್ ಕಾರ್ಡುಗಳಿರುವ ಯಂತ್ರದಲ್ಲಿ ಅಥವಾ ಡಾಕರ್‌ನೊಳಗೆ ಸರ್ವರ್ ಹೊರಗಿನವರಿಗೆ ತಲುಪದ ವಿಳಾಸವನ್ನು ರಿಜಿಸ್ಟ್ರಿಗೆ ಬರೆಯುತ್ತದೆ. ಡಬ್ಬೊ ಐಪಿ ಟು ರಿಜಿಸ್ಟ್ರಿ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಿಂದ ಸರಿಪಡಿಸಬಹುದು. ಪ್ರೊವೈಡರ್ ಲಭ್ಯವಿಲ್ಲ ಎಂಬ ಸಂದೇಶ ಬಂದಾಗ ಚೆಕ್ ಎಂಬ ಆಯ್ಕೆಯನ್ನು ಫಾಲ್ಸ್ ಮಾಡುವ ಸಲಹೆ ಹೆಚ್ಚು ಪ್ರಚಾರದಲ್ಲಿದೆ. ಅದು ಆರಂಭದ ತಪಾಸಣೆಯನ್ನು ಮಾತ್ರ ಬಿಟ್ಟುಬಿಡುತ್ತದೆ. ಪ್ರೊವೈಡರ್ ಬಾರದಿದ್ದರೆ ಅದೇ ದೋಷ ಕೆಲಸದ ನಡುವೆ ಬರುತ್ತದೆ. ಇಂಟರ್‌ಫೇಸ್ ಹೆಸರು, ಗ್ರೂಪ್, ವರ್ಶನ್ ಈ ಮೂರೂ ಎರಡೂ ಕಡೆ ಒಂದೇ ಇವೆಯೇ ಎಂದು ಮೊದಲು ನೋಡಬೇಕು. ಹಳೆಯ ಲೇಖನಗಳನ್ನು ಅನುಸರಿಸುವವರು ಡಬ್ಬೊದ ಪ್ಯಾಕೇಜ್ ಹೆಸರು 2.7 ರಲ್ಲಿ ಅಲಿಬಾಬಾದಿಂದ ಅಪಾಚಿಗೆ ಬದಲಾಯಿತು ಎಂಬುದನ್ನು ಗಮನಿಸಬೇಕು. ಡಬ್ಬೊಗೆ ರಿಜಿಸ್ಟ್ರಿಯಾಗಿ ಬಳಸುವ ಜೂಕೀಪರ್ 3.5 ರಿಂದ ಮುಂದಕ್ಕೆ ತನ್ನ ಅಡ್ಮಿನ್ ಸರ್ವರಿಗಾಗಿ 8080 ಅನ್ನು ಹಿಡಿದುಕೊಳ್ಳುವುದರಿಂದ, ಒಂದೇ ಲ್ಯಾಪ್‌ಟಾಪಿನಲ್ಲಿ ಟಾಮ್‌ಕ್ಯಾಟ್ ಕೂಡ ಓಡಿಸುವ ವಿದ್ಯಾರ್ಥಿಗಳಿಗೆ ಪೋರ್ಟ್ ಬಳಕೆಯಲ್ಲಿದೆ ಎಂಬ ಸಂದೇಶ ಬರುತ್ತದೆ. ಟಾಮ್‌ಕ್ಯಾಟ್‌ನ ಪೋರ್ಟು ಬದಲಿಸುವುದಕ್ಕಿಂತ ಜೂಕೀಪರಿನ ಅಡ್ಮಿನ್ ಸರ್ವರನ್ನೇ ನಿಲ್ಲಿಸುವುದು ಸರಳ.

ಸಮಯಮಿತಿಯ ವಿಷಯದಲ್ಲಿ ಆರ್‌ಎಂಐ, ಜಿಆರ್‌ಪಿಸಿ, ಡಬ್ಬೊ ಈ ಮೂರೂ ಚೌಕಟ್ಟುಗಳ ಮೂಲ ಸ್ವಭಾವ ಬೇರೆ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಇದು ಅವುಗಳ ನಡುವಿನ ಅತಿ ಮುಖ್ಯ ವ್ಯತ್ಯಾಸ. ಆರ್‌ಎಂಐನಲ್ಲಿ ಉತ್ತರಕ್ಕೆ ತಾನಾಗಿ ಯಾವ ಮಿತಿಯೂ ಇಲ್ಲ. ಜಿಆರ್‌ಪಿಸಿಯಲ್ಲಿಯೂ ಡೆಡ್‌ಲೈನ್ ನಾವೇ ಹಾಕಬೇಕು, ಇಲ್ಲದಿದ್ದರೆ ಕರೆ ಕಾಯುತ್ತಲೇ ಇರುತ್ತದೆ. ಡಬ್ಬೊ ಮಾತ್ರ 1000 ಮಿಲಿಸೆಕೆಂಡು ಕಾಯ್ದು, ಉತ್ತರ ಬಾರದಿದ್ದರೆ ಇನ್ನೂ 2 ಬಾರಿ ತಾನೇ ಪ್ರಯತ್ನಿಸುತ್ತದೆ. ರೈತನ ಖಾತೆಯ ಬಾಕಿಯನ್ನು ಓದುವ ಕರೆಗೆ ಇದು ಒಳ್ಳೆಯದು. ಆದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ, ಡೇಟಾಬೇಸ್ ನಿಧಾನವಾಗಿ ತೂಕದ ಚೀಟಿ ದಾಖಲಿಸುವ ಕರೆಗೆ 1 ಸೆಕೆಂಡಿನಲ್ಲಿ ಉತ್ತರ ಬರಲಿಲ್ಲವೆಂದುಕೊಳ್ಳಿ. ಮೊದಲ ಕರೆ ಅತ್ತ ನಡೆಯುತ್ತಲೇ ಇರುತ್ತದೆ, ಎರಡನೆಯದೂ ಮೂರನೆಯದೂ ಹೋಗುತ್ತವೆ, ಒಂದೇ ಗಾಡಿಯ ಕಬ್ಬು ಮೂರು ಬಾರಿ ದಾಖಲಾಗಬಹುದು. ಬರೆಯುವ ಪ್ರತಿ ಮೆಥಡ್ಡಿಗೂ ರಿಟ್ರೈ ಸಂಖ್ಯೆಯನ್ನು 0 ಮಾಡುವುದು ಇಲ್ಲಿ ಕನಿಷ್ಠ ಕ್ರಮ. ಚೀಟಿಗೆ ಕ್ಲೈಂಟ್ ಕಡೆಯಿಂದಲೇ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು ಡೇಟಾಬೇಸಿನಲ್ಲಿ ಅದು ಎರಡನೆಯ ಬಾರಿ ಸೇರದಂತೆ ಮಾಡುವುದು ಪೂರ್ಣ ಕ್ರಮ. ಸಮಯಮಿತಿಯನ್ನು ಹೆಚ್ಚಿಸುವುದು ಇವೆರಡರ ಬದಲಿಗೆ ಆಗುವುದಿಲ್ಲ.

ಈ ಮೌಲ್ಯಗಳನ್ನು ಎಲ್ಲಿ ಬರೆದಿಡಬೇಕು ಎಂಬುದಕ್ಕೂ ಆಯ್ಕೆಗಳಿವೆ. ಕೋಡಿನೊಳಗೆ ಬರೆದ ವಿಳಾಸಕ್ಕೆ ಯಾವ ಸಮರ್ಥನೆಯೂ ಇಲ್ಲ. ಕೇಂದ್ರೀಯ ಕಾನ್ಫಿಗರೇಶನ್ ಸರ್ವರು ಹತ್ತಾರು ಸರ್ವಿಸ್‌ಗಳಿರುವ ಕಡೆ ಬೇಕಾಗುತ್ತದೆ. ಎರಡು ಮೂರು ಪ್ರೊಸೆಸ್‌ಗಳಿಗೆ ಅದು ಕೆಡಬಹುದಾದ ಇನ್ನೊಂದು ಯಂತ್ರವಾಗುತ್ತದೆ. ಜಾರ್‌ನ ಹೊರಗಿರುವ ಒಂದು ಪ್ರಾಪರ್ಟೀಸ್ ಫೈಲು, ಪಾಸ್‌ವರ್ಡಿಗೆ ಮಾತ್ರ ಎನ್ವಿರಾನ್‌ಮೆಂಟ್ ವೇರಿಯಬಲ್, ಮತ್ತು ಆರಂಭವಾದಾಗ ಪಾಸ್‌ವರ್ಡ್ ಬಿಟ್ಟು ಉಳಿದ ಮೌಲ್ಯಗಳನ್ನು ಲಾಗ್‌ಗೆ ಬರೆಯುವ ನಾಲ್ಕು ಸಾಲು ಕೋಡು ಇದ್ದರೆ ನಮ್ಮ ಅಳತೆಯ ಕೆಲಸಕ್ಕೆ ಸಾಕು.

ಹೊಸದಾಗಿ ಆರಂಭಿಸುವವರಿಗೆ

ಎರಡೂ ಕಡೆ ಜಾವಾವೇ ಇದ್ದು, ಒಂದೇ ಕಟ್ಟಡದೊಳಗೆ, ಒಂದೇ ತಂಡ ನೋಡಿಕೊಳ್ಳುವುದಾದರೆ ಈಗಾಗಲೇ ಓಡುತ್ತಿರುವ ಆರ್‌ಎಂಐ ಅನ್ನು ಬದಲಿಸುವ ಅವಸರವಿಲ್ಲ. ಅದಕ್ಕೆ ಹೊರಗಿನ ಜಾರ್ ಒಂದೂ ಬೇಡ ಎಂಬುದು ಡಿಪೆಂಡೆನ್ಸಿಯ ದೃಷ್ಟಿಯಿಂದ ದೊಡ್ಡ ಗುಣ. ಆದರೆ ಹೊಸ ಕೆಲಸಕ್ಕೆ ಅದನ್ನು ಆರಿಸಬೇಡಿ. ಎರಡೂ ಕಡೆ ಕ್ಲಾಸುಗಳು ಹೊಂದಿಕೆಯಾಗದಿದ್ದರೆ ಅದು ಇನ್‌ವ್ಯಾಲಿಡ್ ಕ್ಲಾಸ್ ಎಕ್ಸೆಪ್ಶನ್ ಕೊಡುತ್ತದೆ, ಅಂದರೆ ಸರ್ವರನ್ನೂ ಎಲ್ಲ ಕ್ಲೈಂಟುಗಳನ್ನೂ ಒಂದೇ ದಿನ ಬದಲಿಸಬೇಕಾಗುತ್ತದೆ. ಹೊರಗಿನಿಂದ ಬರುವ ಸೀರಿಯಲೈಸ್ಡ್ ಡೇಟಾವನ್ನು ನಂಬುವುದರಲ್ಲಿ ಭದ್ರತೆಯ ಅಪಾಯವೂ ಇದೆ. ಡಬ್ಬೊ ಆರಿಸುವುದಾದರೆ ರಿಜಿಸ್ಟ್ರಿಯನ್ನು ನಡೆಸುವ ಹೊಣೆಯೂ ಬರುತ್ತದೆ. ಒಂದೇ ಸರ್ವಿಸ್‌ನ ಹಲವು ಪ್ರತಿಗಳನ್ನು ಓಡಿಸುವ ಅಗತ್ಯವಿದ್ದಾಗ ಮಾತ್ರ ಅದು ಸಾರ್ಥಕ. ಥ್ರಿಫ್ಟ್ ಅನ್ನು ಈಗಾಗಲೇ ಬಳಸುವ ವ್ಯವಸ್ಥೆಗೆ ಜೋಡಿಸಬೇಕಾದಾಗ ಬಳಸಿ.

ಉಳಿದವರಿಗೆ, ಮತ್ತು ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ, ಜಿಆರ್‌ಪಿಸಿಯೇ ನನ್ನ ಸಲಹೆ. ಅದರ ದೋಷ ಸಂದೇಶಗಳು ಉಳಿದವುಗಳಿಗಿಂತ ಸ್ಪಷ್ಟ: ಪ್ರೊವೈಡರ್ ಇಲ್ಲದಿದ್ದರೆ ಯಾವ ಜಾರ್ ಸೇರಿಸಬೇಕೆಂದು ಹೆಸರು ಹೇಳಿಯೇ ತಿಳಿಸುತ್ತದೆ, ಅನ್‌ಇಂಪ್ಲಿಮೆಂಟೆಡ್ ಎಂದರೆ ಸರ್ವರ್ ತಲುಪಿದೆ ಆದರೆ ಆ ಮೆಥಡ್ ಅಲ್ಲಿ ನೋಂದಣಿಯಾಗಿಲ್ಲ ಎಂದು ನೇರವಾಗಿ ಗೊತ್ತಾಗುತ್ತದೆ. ಅನ್‌ಅವೈಲೆಬಲ್ ಎಂಬುದು ಮಾತ್ರ ಹಲವು ಕಾರಣಗಳನ್ನು ಮುಚ್ಚಿಡುತ್ತದೆ. ಸರ್ವರ್ ಓಡುತ್ತಿದ್ದೂ ಅದು ಬಂದರೆ ಒಂದು ಕಡೆ ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ), ಇನ್ನೊಂದು ಕಡೆ ಪ್ಲೇನ್‌ಟೆಕ್ಸ್ಟ್ (ಗೂಢಲಿಪಿ ಇಲ್ಲದ ಸಂಪರ್ಕ) ಇದೆಯೇ ಎಂದು ಮೊದಲು ನೋಡಬೇಕು. ಬಾಮ್ ಇಂಪೋರ್ಟ್ ಮಾಡಿ, ನೆಟ್ಟಿ ಶೇಡೆಡ್ ಬಳಸಿ, ಪ್ರತಿ ಕರೆಗೂ ಡೆಡ್‌ಲೈನ್ ಹಾಕಿ. ಒಂದು ಸಂದೇಶದ ಗಾತ್ರಕ್ಕೆ 4 ಎಂಬಿ ಮಿತಿ ಇರುವುದರಿಂದ ದೊಡ್ಡ ವರದಿಗಳನ್ನು ಸ್ಟ್ರೀಮ್ ಆಗಿ ತುಂಡುತುಂಡಾಗಿ ಕಳಿಸಿ. ಪ್ರೊಟೊ ಫೈಲಿನಲ್ಲಿ ಒಮ್ಮೆ ಕೊಟ್ಟ ಫೀಲ್ಡಿನ ಸಂಖ್ಯೆಯನ್ನು ಬದಲಿಸಬಾರದು, ಫೀಲ್ಡ್ ತೆಗೆದರೆ ಆ ಸಂಖ್ಯೆಯನ್ನು ರಿಸರ್ವ್ಡ್ ಎಂದು ಬರೆಯಬೇಕು. ಹೀಗೆ ಮಾಡಿದರೆ ಸರ್ವರನ್ನು ಮೊದಲು ಬದಲಿಸಿ, ಕಾಟಾದ ಕ್ಯಾಬಿನ್ನಿನ ಕ್ಲೈಂಟನ್ನು ಹಂಗಾಮು ಮುಗಿದ ಮೇಲೆ ಬದಲಿಸಬಹುದು.